ಸ್ಟೇ ಕೇಳಿ ಬರುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಇದು ಜಾಹೀರಾತಲ್ಲ. ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮವೇ ಹಾಗಿದೆ. ಈಗಾಗಲೇ ಕಚೇರಿಯ ಬೆಂಚಿನ ಮೇಲೆ ಕೂತು, ಕವರಿನ ತುಂಬ ಕಾಗದ ಹಿಡಿದು, "ನಾಳೆಯೇ ಒಂದು ಸ್ಟೇ ಹಾಕಿಸಿಬಿಡಿ ಸಾರ್" ಎನ್ನಲು ಕಾಯುತ್ತಿರುವವರಿಗೆ ಬರೆದ ಸೂಚನೆ. ಒಳಗೆ ಬಂದ ಮೇಲೆ ನಾನು ಕೇಳುವುದೆಲ್ಲ ಇಲ್ಲಿದೆ. ಓದಿ, ಉತ್ತರ ಜೋಡಿಸಿಕೊಂಡು ಬನ್ನಿ. ಓದಿದ ಮೇಲೆ ನಿಮ್ಮದು ಸ್ಟೇ ಸಿಗುವ ವ್ಯವಹಾರವಲ್ಲ ಎನ್ನಿಸಿದರೆ ಹಾಗೇ ಎದ್ದು ಹೋಗಬಹುದು, ಫೀಸಿಲ್ಲ.

ಮೊದಲು ತಿಳಿದಿರಬೇಕಾದ್ದು

ತಡೆಯಾಜ್ಞೆಯಿಂದ ಜಮೀನು ನಿಮ್ಮದಾಗುವುದಿಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿ. ವಿಚಾರಣೆ ಮುಗಿಯುವವರೆಗೆ ಎದುರು ಪಾರ್ಟಿ ಇಂಥ ಕೆಲಸ ಮಾಡಕೂಡದು ಎಂದು ಕೋರ್ಟು ಹೇಳುತ್ತದೆ, ಅಷ್ಟೇ. ದಾವೆ ನಡೆಯುತ್ತಿರುವಾಗ ಸಿಗುವುದು ತಾತ್ಕಾಲಿಕ ತಡೆಯಾಜ್ಞೆ. ಅದು ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಕೆಳಗೆ ಬರುತ್ತದೆ. ಸಾಕ್ಷಿ, ಪಾಟಿ ಸವಾಲು, ವಾದ ಎಲ್ಲ ಮುಗಿದು ಡಿಕ್ರಿಯಲ್ಲಿ ಸಿಗುವುದು ಶಾಶ್ವತ ನಿರ್ಬಂಧಕಾಜ್ಞೆ. ಅದಕ್ಕೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ. ಮೊದಲನೆಯದು ಸಿಕ್ಕ ದಿನ ಊರ ಬಾಗಿಲಲ್ಲಿ ಪಟಾಕಿ ಹೊಡೆಸಿದವರು ಎರಡನೆಯದರ ಹೊತ್ತಿಗೆ ದಾವೆಯನ್ನೇ ಸೋತದ್ದುಂಟು.

ನ್ಯಾಯಾಧೀಶರು ನಿಮ್ಮ ಅರ್ಜಿ ಓದುವಾಗ ಮೂರು ವಿಷಯ ನೋಡುತ್ತಾರೆ. ಮೇಲ್ನೋಟಕ್ಕೆ ವ್ಯಾಜ್ಯದಲ್ಲಿ ಹುರುಳಿದೆಯೇ? ತಡೆಯಾಜ್ಞೆ ಕೊಡದಿದ್ದರೆ ನಿಮಗಾಗುವ ತೊಂದರೆ ಹೆಚ್ಚೋ, ಕೊಟ್ಟರೆ ಅವರಿಗಾಗುವ ತೊಂದರೆ ಹೆಚ್ಚೋ? ಆಗುವ ನಷ್ಟ ಮುಂದೆ ದುಡ್ಡು ಕೊಟ್ಟು ತುಂಬಬಹುದಾದದ್ದೇ, ಅಲ್ಲವೇ? ಮೂರೂ ನಿಮ್ಮ ಕಡೆ ಇರಬೇಕು. ಎರಡಿದ್ದು ಒಂದಿಲ್ಲದಿದ್ದರೆ ಅರ್ಜಿ ವಜಾ. 1991ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತನ್ನೂ ಸೇರಿಸಿತು: ಮೇಲ್ನೋಟಕ್ಕೆ ಹುರುಳಿರುವುದು ಬೇರೆ, ಮೇಲ್ನೋಟಕ್ಕೆ ಹಕ್ಕಿರುವುದು ಬೇರೆ, ಎರಡನ್ನೂ ಕಲಸಬಾರದು. ಹಕ್ಕಿನ ತೀರ್ಮಾನ ಸಾಕ್ಷಿಯಾದ ಮೇಲೆ. ಹಾಗಾಗಿ ಅಜ್ಜನ ಕಾಲದ ಕ್ರಯಪತ್ರವನ್ನು ಮೇಜಿನ ಮೇಲೆ ಬಡಿದು "ಇದಕ್ಕಿಂತ ಬೇಕಾ?" ಎನ್ನಬೇಡಿ. ಬೇಕು.

ಮಾಡಬೇಕಾದ್ದು

ಇವತ್ತು ಸ್ವಾಧೀನ ಯಾರದು ಎಂದು ತೋರಿಸುವ ಕಾಗದ ತನ್ನಿ. ತಡೆಯಾಜ್ಞೆ ಕಾಪಾಡುವುದು ದಾವೆ ಹೂಡಿದ ದಿನದ ಸ್ವಾಧೀನವನ್ನು. ಕಳೆದ ಮೂರು ನಾಲ್ಕು ವರ್ಷದ ಪಹಣಿ, ಮ್ಯುಟೇಶನ್ ಪ್ರತಿ, ಕಂದಾಯ ರಸೀದಿ, ಬೋರ್‌ವೆಲ್ಲಿನ ಕರೆಂಟ್ ಬಿಲ್ಲು, ಸೊಸೈಟಿಯಲ್ಲಿ ತೆಗೆದ ಬೆಳೆ ಸಾಲದ ಕಾಗದ, ಎಪಿಎಂಸಿಗೆ ರಾಗಿಯನ್ನೋ ಜೋಳವನ್ನೋ ಹಾಕಿದ ಚೀಟಿ ತನ್ನಿ. ನಿವೇಶನವಾದರೆ ಖಾತೆ, ತೆರಿಗೆ ರಸೀದಿ, ನೀರಿನ ಬಿಲ್ಲು. ಪಹಣಿಯಲ್ಲಿ 9ನೇ ಕಾಲಮ್ಮಿನ ಹೆಸರೊಂದನ್ನೇ ನೋಡಿ ಖುಷಿಪಟ್ಟು ಬರಬೇಡಿ, 12ನೇ ಕಾಲಮ್ಮಿನಲ್ಲಿ ಸಾಗುವಳಿದಾರ ಯಾರು ಎಂದೂ ನೋಡಿ. ಅಲ್ಲಿ ದಾಯಾದಿಯ ಹೆಸರಿದ್ದರೆ ಎದುರು ವಕೀಲರು ಮೊದಲು ಬೆರಳಿಡುವುದು ಅಲ್ಲಿಗೇ. ಪಹಣಿಯ ನಮೂದು ಸರಿಯೆಂದೇ ಕರ್ನಾಟಕ ಭೂ ಕಂದಾಯ ಅಧಿನಿಯಮದ 133ನೇ ಕಲಂ ಭಾವಿಸಿಕೊಳ್ಳುತ್ತದೆ, ಆದರೆ ತಪ್ಪೆಂದು ತೋರಿಸುವವರೆಗೆ ಮಾತ್ರ. ಅದನ್ನು ಹಕ್ಕುಪತ್ರದ ಹಾಗೆ ಎದೆಗೊತ್ತಿಕೊಳ್ಳುವುದು ಬೇಡ.

ಕಾಗದ ಸ್ವಲ್ಪ ದುರ್ಬಲವಾಗಿದ್ದು ಸ್ವಾಧೀನ ಗಟ್ಟಿಯಾಗಿದ್ದರೆ ಧೈರ್ಯ ಬಿಡಬೇಡಿ. ಬೆಂಗಳೂರಿನ ಅಕ್ಕಪಕ್ಕದ ಜಮೀನಿನವರಿಬ್ಬರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅದರ ತೀರ್ಪು 2004ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ನೆಲೆನಿಂತ ಸ್ವಾಧೀನ ಇದ್ದವನನ್ನು ಮಾಲೀಕನೇ ಆದರೂ ತೋಳ್ಬಲದಿಂದ ಎಬ್ಬಿಸುವಂತಿಲ್ಲ, ಕಾನೂನಿನ ದಾರಿಯಲ್ಲೇ ಬಿಡಿಸಬೇಕು ಎಂದು ಅದರಲ್ಲಿ ಹೇಳಿದ್ದಾರೆ. ನೆಲೆನಿಂತ ಎನ್ನುವುದಕ್ಕೆ ಕೆಳಗೆ ಗೆರೆ ಎಳೆಯಿರಿ. ಹೋದ ವಾರ ರಾತ್ರಿ ನಾಲ್ಕು ಕಲ್ಲುಕಂಬ ನೆಟ್ಟು ತಂತಿ ಸುತ್ತಿ ಬಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ಮಾಲೀಕನ ವಿರುದ್ಧ ಅತಿಕ್ರಮಣಕಾರನಿಗೆ ತಡೆಯಾಜ್ಞೆ ಇಲ್ಲ.

ಚಕ್ಕುಬಂದಿ ಸರಿಯಾಗಿ ಬರೆಸಿ. ಅರ್ಧಕ್ಕರ್ಧ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಒಂದು ಸರ್ವೆ ನಂಬರು, ಒಟ್ಟು 4 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ಪಹಣಿಯಲ್ಲಿ ಮೂವರ ಜಂಟಿ ಹೆಸರು. ಪೋಡಿ ಆಗಿಲ್ಲ. ನೀವು ಅದರಲ್ಲಿ ಒಬ್ಬರಿಂದ 1 ಎಕರೆ 10 ಗುಂಟೆ ಕೊಂಡಿದ್ದೀರಿ. ಕ್ರಯಪತ್ರದಲ್ಲಿ ಪೂರ್ವಕ್ಕೆ "ಇದೇ ಸರ್ವೆ ನಂಬರಿನ ಉಳಿಕೆ ಜಮೀನು" ಎಂದಿದೆ. ದಾವೆಯಲ್ಲಿ ಪೂರ್ವಕ್ಕೆ "ಬಂಡಿದಾರಿ" ಎಂದು ಬರೆಸಲು ಹೇಳುತ್ತೀರಿ, ಯಾಕೆಂದರೆ ನಿಮಗೆ ಬೇಕಾಗಿರುವುದು ದಾರಿ ಪಕ್ಕದ ತುಂಡು. ಎದುರು ಪಾರ್ಟಿಯ ವಕೀಲರು ಕ್ರಯಪತ್ರವನ್ನೂ ದಾವಾ ಷೆಡ್ಯೂಲನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಸಾಕು, ಬೇರೆ ವಾದವೇ ಬೇಡ. ಯಾವ ಜಾಗಕ್ಕೆ ತಡೆ ಕೇಳುತ್ತಿದ್ದಾರೆ ಎಂದು ನೆಲದ ಮೇಲೆ ಗುರುತಿಸಲಾಗದಿದ್ದರೆ ಯಾವ ಕೋರ್ಟೂ ತಡೆ ಕೊಡುವುದಿಲ್ಲ. ಅಪ್ಪಿತಪ್ಪಿ ಕೊಟ್ಟರೂ ಅದನ್ನು ಜಾರಿ ಮಾಡಲು ಬರುವುದಿಲ್ಲ. ಪೋಡಿ ಆಗಿಲ್ಲದಿದ್ದರೆ ಪೋಡಿಗೆ ಅರ್ಜಿ ಹಾಕಿ. ಗಡಿ ತಕರಾರಾದರೆ ಹದ್ದುಬಸ್ತು ಮಾಡಿಸಿ, ಸರ್ವೆಯರ ನಕಾಶೆಯನ್ನು ದಾವೆಗೆ ಲಗತ್ತಿಸಿ. ಅಷ್ಟು ಸಮಯವಿಲ್ಲದಿದ್ದರೆ ಕೈಬರಹದ ನಕ್ಷೆಯಾದರೂ ಇರಲಿ, ಅಡಿ ಲೆಕ್ಕ ಹಾಕಿ, ನೀವು ಉಳುತ್ತಿರುವ ತುಂಡನ್ನು ಬೇರೆ ಶಾಯಿಯಲ್ಲಿ ತೋರಿಸಿ.

ಏನಾಗುತ್ತದೆಂಬ ಭಯವಿದೆಯೋ ಅದನ್ನು ದಿನಾಂಕ ಹಾಕಿ ಹೇಳಿ. "ಪ್ರತಿವಾದಿಗಳು ಬಲಾಢ್ಯರು, ರಾಜಕೀಯ ಬೆಂಬಲ ಉಳ್ಳವರು, ಯಾವ ಕ್ಷಣದಲ್ಲಾದರೂ ಅತಿಕ್ರಮಿಸಬಹುದು" ಎಂಬ ಒಕ್ಕಣೆಯನ್ನು ಟೈಪಿಸ್ಟರು ನೋಡದೆಯೇ ಹೊಡೆಯಬಲ್ಲರು, ನ್ಯಾಯಾಧೀಶರು ನೋಡದೆಯೇ ದಾಟಬಲ್ಲರು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಬಂದರು, ಜೆಸಿಬಿ ತಂದರೇ, ಬದು ಒಡೆದರೇ, ಎಷ್ಟು ಉದ್ದ ಒಡೆದರು, ನೋಡಿದವರು ಯಾರು? ಫೋಟೊ, ವಿಡಿಯೊ ಇದ್ದರೆ ತೆಗೆದ ಫೋನನ್ನೇ ತನ್ನಿ. ವಾಟ್ಸ್ಯಾಪಿನಲ್ಲಿ ಮೂರು ಕೈ ದಾಟಿ ಬಂದ ಪ್ರತಿ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸದೆ ಅದು ಮುಂದೆ ಸಾಕ್ಷ್ಯದಲ್ಲಿ ನಿಲ್ಲುವುದಿಲ್ಲ.

ತಿಳಿದ ದಿನವೇ ಬನ್ನಿ. ಪಾಯ ತೋಡುವಾಗ ಸುಮ್ಮನಿದ್ದು, ಲಿಂಟಲ್ ಹಾಕುವಾಗ ಮಾತಾಡಿ ನೋಡಿ, ಮೋಲ್ಡ್ ಹಾಕಿದ ಮೇಲೆ ವಕೀಲರ ಹತ್ತಿರ ಬಂದರೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದೇ ಕೋರ್ಟು ಕೇಳುತ್ತದೆ. ನೋಡಿಯೂ ಸುಮ್ಮನಿದ್ದವನಿಗೆ ತಡೆಯಾಜ್ಞೆ ಕೊಡಬಾರದು ಎಂಬುದು ನಿರ್ದಿಷ್ಟ ಪರಿಹಾರ ಅಧಿನಿಯಮದ 41ನೇ ಕಲಮಿನಲ್ಲೇ ಇದೆ. ಪಂಚಾಯಿತಿ ಸೇರಿಸಿದ್ದೆವು, ಹಿರಿಯರು ತಾಳಿ ಎಂದರು ಎನ್ನುವುದು ನಿಜವಾದರೆ ಅದನ್ನೂ ದಿನಾಂಕ ಸಮೇತ ಹೇಳಿ, ಬರೆಯೋಣ.

ಯಾವ ದಾವೆ ಹೂಡಬೇಕು ಎನ್ನುವುದನ್ನು ನನಗೆ ಬಿಡಿ. ಸ್ವಾಧೀನ ನಿಮ್ಮದು, ಹಕ್ಕಿನ ಬಗ್ಗೆ ಗಂಭೀರ ತಕರಾರಿಲ್ಲ, ಬರೀ ತೊಂದರೆ ಕೊಡುತ್ತಿದ್ದಾರೆ ಎಂದಾದರೆ ನಿರ್ಬಂಧಕಾಜ್ಞೆಯ ದಾವೆಯೊಂದೇ ಸಾಕು. ಹಕ್ಕಿನ ಮೇಲೇ ಮೋಡ ಕವಿದಿದ್ದರೆ ಹಕ್ಕು ಘೋಷಣೆಯನ್ನೂ ಕೇಳಬೇಕು. ಸ್ವಾಧೀನವೇ ಕೈತಪ್ಪಿದ್ದರೆ ಸ್ವಾಧೀನ ಕೊಡಿಸಿ ಎಂದು ಕೇಳಬೇಕು, ಬರೀ ತಡೆ ಕೇಳಿ ಪ್ರಯೋಜನವಿಲ್ಲ. ಸುಪ್ರೀಂ ಕೋರ್ಟು ಇದನ್ನು 2008ರಲ್ಲೇ ಬಿಡಿಸಿ ಹೇಳಿದೆ. ಕೋರ್ಟು ಶುಲ್ಕ ಉಳಿಯುತ್ತದೆಂದು ಬರೀ ತಡೆಯಾಜ್ಞೆಗೆ ದಾವೆ ಹಾಕಿಸಿ, ಹತ್ತು ವರ್ಷದ ಮೇಲೆ "ಘೋಷಣೆ ಕೇಳಬೇಕಿತ್ತು" ಎಂಬ ಒಂದೇ ಸಾಲಿನಲ್ಲಿ ಸೋತ ಕಡತಗಳು ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಸಿಗುತ್ತವೆ.

ಮಾಡಬಾರದ್ದು

ಮುಚ್ಚಿಡಬೇಡಿ. ಈ ಸೂಚನೆಯಲ್ಲಿ ಒಂದೇ ವಾಕ್ಯಕ್ಕೆ ಜಾಗ ಇದ್ದಿದ್ದರೆ ಇದನ್ನೇ ಬರೆಯುತ್ತಿದ್ದೆ. ಕಚೇರಿಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಯಜಮಾನ್ರೇ, ಮೊದಲು ಯಾವುದಾದರೂ ಕೇಸು ಆಗಿತ್ತಾ?"

"ಇಲ್ಲ ಸಾರ್."

"ಎ.ಸಿ. ಆಫೀಸಲ್ಲಿ?"

"ಅದು... ಅಣ್ಣ ಹಾಕಿದ್ದ ಅಪೀಲು. ನಮ್ಮ ಮ್ಯುಟೇಶನ್ ರದ್ದಾಯ್ತು. ಅದು ಕೇಸಲ್ಲ ಅಲ್ವಾ ಸಾರ್?"

ಅದು ಕೇಸೇ. ಹಿಂದೆ ಸೋತ ದಾವೆ, ಪಾಲು ಪಾರೀಕತ್ತು, ತೆಗೆದುಕೊಂಡ ಅಡ್ವಾನ್ಸು, ಬರೆದುಕೊಟ್ಟ ಬಿಡುಗಡೆ ಪತ್ರ, ಅಡ ಇಟ್ಟ ಕಾಗದ, ಕಂದಾಯ ಅಧಿಕಾರಿಗಳ ಆದೇಶ, ನಿಮಗೆ ಅನುಕೂಲವಾಗಿರಲಿ ಆಗದಿರಲಿ, ಎಲ್ಲವನ್ನೂ ಹೇಳಿ. ಪ್ರಮಾಣಪತ್ರದ ಕೆಳಗೆ ಸಹಿ ಹಾಕುವವರು ನೀವು, ನಾನಲ್ಲ. ಮುಖ್ಯವಾದ ಸಂಗತಿಯ ಬಗ್ಗೆ ತಿಳಿದೂ ತಿಳಿದೂ ಸುಳ್ಳು ಹೇಳಿ ಅಥವಾ ದಾರಿ ತಪ್ಪಿಸಿ ಏಕಪಕ್ಷೀಯ ತಡೆಯಾಜ್ಞೆ ಪಡೆದಿದ್ದರೆ, 39ನೇ ಆದೇಶದ 4ನೇ ನಿಯಮದ ಪ್ರಕಾರ ನ್ಯಾಯದ ಹಿತಕ್ಕೆ ಬೇಡವೆಂದು ಕಾರಣ ಬರೆದಿಡದ ಹೊರತು ಕೋರ್ಟು ಅದನ್ನು ತೆರವು ಮಾಡಲೇಬೇಕು. ಹಾಗೆ ತೆರವಾದ ಮೇಲೆ ನಿಮ್ಮ ಒಳ್ಳೆಯ ಅಂಶಗಳನ್ನೂ ನ್ಯಾಯಾಧೀಶರು ಅನುಮಾನದಿಂದಲೇ ಓದುತ್ತಾರೆ. ಸಾಕಷ್ಟು ಆಧಾರವಿಲ್ಲದೆ ತಡೆ ತಂದು ಎದುರಿನವರಿಗೆ ನಷ್ಟ ಮಾಡಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಲ್ಲಿ 50,000 ರೂಪಾಯಿವರೆಗೆ ಪರಿಹಾರ ಕಟ್ಟಿಸಬಹುದು.

ಕಾವಲಿಗೆ ಇಟ್ಟವರ ಸ್ವಾಧೀನವನ್ನು ನಿಮ್ಮ ಸ್ವಾಧೀನ ಎಂದು ಹೇಳಿಕೊಳ್ಳಬೇಡಿ. ವಾಚ್‌ಮನ್, ಮನೆ ನೋಡಿಕೊಳ್ಳಲು ಬಂದ ನೆಂಟ, ತೋಟದ ಮೇಸ್ತ್ರಿ ಇವರೆಲ್ಲ ಎಷ್ಟೇ ವರ್ಷ ಇದ್ದರೂ ಮಾಲೀಕನ ಪರವಾಗಿ ಇದ್ದವರು. ಮಾಲೀಕ ಬಾ ಎಂದಾಗ ಹೊರಗೆ ಬರಬೇಕು. ಗೋವಾದ ಒಂದು ಮನೆಯ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ.

ಅಣ್ಣ ತಮ್ಮಂದಿರ ವಿರುದ್ಧ "ಜಮೀನಿಗೆ ಕಾಲಿಡದಂತೆ ತಡೆ" ಕೇಳಬೇಡಿ. ಪಾಲಾಗದ ಆಸ್ತಿಯಲ್ಲಿ ಪ್ರತಿಯೊಬ್ಬರ ಸ್ವಾಧೀನವೂ ಎಲ್ಲರ ಸ್ವಾಧೀನ. ಪಾಲಿನ ದಾವೆ ಹೂಡಿ, ಅದರೊಳಗೆ ಮಾರದಂತೆ, ಅಡ ಇಡದಂತೆ, ಮರ ಕಡಿಯದಂತೆ, ಆಸ್ತಿಯ ರೂಪ ಕೆಡಿಸದಂತೆ ತಡೆ ಕೇಳಿದರೆ ಸಿಗುತ್ತದೆ. ಹೆಣ್ಣುಮಕ್ಕಳು ಬಂದು ಕೇಳುವ ಹೆಚ್ಚಿನ ತಡೆಯಾಜ್ಞೆ ಇದೇ, ಮತ್ತು ಕೇಳಲೇಬೇಕಾದ್ದೂ ಇದೇ. ದಾವೆ ನಡೆಯುತ್ತಿರುವಾಗ ಮಾರಿದರೆ ಕೊಂಡವನು ತೀರ್ಪಿಗೆ ಬದ್ಧ, ಸ್ವತ್ತು ವರ್ಗಾವಣೆ ಅಧಿನಿಯಮದ 52ನೇ ಕಲಂ ಹಾಗೆ ಹೇಳುತ್ತದೆ, ಸರಿ. ಆದರೆ ಮಾರಾಟವೇ ಅಸಿಂಧುವಾಗುವುದಿಲ್ಲ. ಒಂದು ಕ್ರಯ ಐದಾಗಿ, ಲೇಔಟ್ ಆಗಿ, ನಿವೇಶನಗಳು ಹರಿದುಹಂಚಿಹೋದ ಮೇಲೆ ಆ ಕಲಮನ್ನು ಹಿಡಿದು ಎಷ್ಟು ಬಾಗಿಲು ತಟ್ಟುತ್ತೀರಿ?

ದುಡ್ಡಿನ ಬಾಬ್ತಿಗೆ ಸ್ಟೇ ಕೇಳಬೇಡಿ. ಕೈಸಾಲ ತೀರಿಸಿಲ್ಲ, ಅದಕ್ಕೆ ಅವನ ಅಂಗಡಿಗೆ ಸ್ಟೇ ಹಾಕಿಸಿ ಎನ್ನುವವರು ವಾರಕ್ಕೊಬ್ಬರಾದರೂ ಬರುತ್ತಾರೆ. ವಸೂಲಿಗೆ ವಸೂಲಿ ದಾವೆ ಇದೆ. ಸಾಲಗಾರ ಸಾಲ ಕೊಟ್ಟವರನ್ನು ವಂಚಿಸಲೆಂದೇ ಆಸ್ತಿ ಸಾಗಿಸಲು ಹೊರಟಿದ್ದಾನೆ ಎಂದು ತೋರಿಸಿದರೆ ಮಾತ್ರ ಮಾತು ಬೇರೆ.

ಪೊಲೀಸ್ ದೂರು ನಿಲ್ಲಿಸಲು, ಇನ್ನೊಂದು ಕೋರ್ಟಿನಲ್ಲಿ ನಡೆಯುವ ಮೊಕದ್ದಮೆ ನಿಲ್ಲಿಸಲು ಸಿವಿಲ್ ತಡೆಯಾಜ್ಞೆ ಸಿಗುವುದಿಲ್ಲ. ನಿರ್ದಿಷ್ಟ ಪರಿಹಾರ ಅಧಿನಿಯಮದ 41ನೇ ಕಲಂ ಬಾಗಿಲು ಮುಚ್ಚಿದೆ. ಅದೇ ಕಲಮಿಗೆ 2018ರಲ್ಲಿ ಇನ್ನೊಂದು ಉಪಕಲಂ ಸೇರಿತು: ರಸ್ತೆ, ರೈಲು, ವಿದ್ಯುತ್, ನೀರು ಇಂಥ ಮೂಲಸೌಕರ್ಯದ ಕಾಮಗಾರಿಗೆ ಅಡ್ಡಿಯಾಗುವ ತಡೆಯಾಜ್ಞೆ ಕೊಡಕೂಡದು. ಹೆದ್ದಾರಿ ಅಗಲ ಮಾಡಲು ಬಂದ ಯಂತ್ರ ನಿಲ್ಲಿಸಲು ನನ್ನ ಹತ್ತಿರ ಬಂದರೆ, ಪರಿಹಾರದ ಮೊತ್ತದ ದಾರಿ ತೋರಿಸಬಲ್ಲೆ, ಯಂತ್ರ ನಿಲ್ಲಿಸುವ ದಾರಿ ಈ ಕೋರ್ಟಿನಲ್ಲಿಲ್ಲ. ಸರ್ಕಾರದ ವಿರುದ್ಧ ಬೇರೆ ಯಾವ ದಾವೆಯಾದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ಎರಡು ತಿಂಗಳ ನೋಟಿಸು ಕೊಡಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆ ಹೂಡಬಹುದು, ಆದರೂ ಸರ್ಕಾರದ ಮಾತು ಕೇಳದೆ ಮಧ್ಯಂತರ ಆದೇಶವಿಲ್ಲ.

ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಬರೆದಿದ್ದಾರೆ, ತಡೆ ತನ್ನಿ ಎನ್ನುವವರಿಗೂ ಒಂದು ಮಾತು. ನಗರದ ಕೋರ್ಟುಗಳಲ್ಲಿ ಇಂಥ ಆದೇಶಗಳು ಸಲೀಸಾಗಿ ಸಿಗುತ್ತಿದ್ದುದುಂಟು. ಬ್ಲೂಮ್‌ಬರ್ಗ್ ಮತ್ತು ಜೀ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಕೆಳ ಕೋರ್ಟಿನ ತಡೆಯಾಜ್ಞೆಯನ್ನು ರದ್ದು ಮಾಡಿ, ಬರಹ ಸುಳ್ಳೋ ನಿಜವೋ ವಿಚಾರಣೆಯಾಗುವ ಮೊದಲೇ ಪ್ರಕಟಣೆಯನ್ನು ತಡೆಯುವುದು ತೀರ ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದಿತು. ನನ್ನ ಅಭಿಪ್ರಾಯವೂ ಅದೇ, ಕಕ್ಷಿದಾರರಿಗೆ ಹಿಡಿಸದಿದ್ದರೂ.

ಕಂಪನಿ ನಡೆಸುವವರು, ಕೆಲಸ ಬಿಟ್ಟ ಹುಡುಗ ಎರಡು ವರ್ಷ ಬೇರೆಲ್ಲೂ ಸೇರದಂತೆ ತಡೆ ಕೇಳಬೇಡಿ. 1852ರಲ್ಲಿ ಜರ್ಮನ್ ಗಾಯಕಿ ಯೊಹಾನ್ನಾ ವ್ಯಾಗ್ನರ್ ಲಂಡನ್ನಿನ ಒಂದು ರಂಗಮಂದಿರದೊಡನೆ ಕರಾರು ಮಾಡಿಕೊಂಡು ಇನ್ನೊಂದರಲ್ಲಿ ಹಾಡಲು ಹೊರಟಾಗ, ಅಲ್ಲಿನ ಕೋರ್ಟು ಹಾಡೆಂದು ಬಲವಂತ ಮಾಡಲಾರೆ, ಆದರೆ ಕರಾರಿನ ಅವಧಿಯಲ್ಲಿ ಬೇರೆಡೆ ಹಾಡಕೂಡದು ಎನ್ನಬಲ್ಲೆ ಎಂದಿತು. ನಮ್ಮ ನಿರ್ದಿಷ್ಟ ಪರಿಹಾರ ಅಧಿನಿಯಮದ 42ನೇ ಕಲಮಿನಲ್ಲಿರುವುದೂ ಅದೇ ತತ್ತ್ವ. ಅವಧಿಯೊಳಗೆ, ಹೌದು. ಅವಧಿ ಮುಗಿದ ಮೇಲೆ, ಇಲ್ಲ: ಕ್ರಿಕೆಟಿಗ ಜಹೀರ್ ಖಾನ್ ಅವರ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು, ಕರಾರು ಮುಗಿದ ನಂತರವೂ ಕಟ್ಟಿಹಾಕುವ ಷರತ್ತು ಕರಾರು ಅಧಿನಿಯಮದ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ ಎಂದಿದೆ. ಕಂಪನಿಯ ಗುಟ್ಟು ಹೊರಗೆ ಹೋಗುತ್ತಿದೆ ಎಂದಾದರೆ ಆ ಗುಟ್ಟಿಗೆ ತಡೆ ಕೇಳಿ, ಹುಡುಗನ ಹೊಟ್ಟೆಪಾಡಿಗಲ್ಲ.

ಕೆಡವಿಸಿ, ತೆರೆಸಿ, ವಾಪಸು ಕೊಡಿಸಿ ಎನ್ನುವವರಿಗೆ

ಮಾಡಬೇಡ ಎನ್ನುವ ಆಜ್ಞೆಗಿಂತ ಮಾಡು ಎನ್ನುವ ಆಜ್ಞೆ ಸಿಗುವುದು ಕಷ್ಟ. ನಿರ್ದಿಷ್ಟ ಪರಿಹಾರ ಅಧಿನಿಯಮದ 39ನೇ ಕಲಂ ಕೋರ್ಟಿಗೆ ಆ ಅಧಿಕಾರ ಕೊಟ್ಟಿದೆ: ಎದುರಿನವನಿಗೆ ಕಾನೂನಿನ ಹೊಣೆ ಇರಬೇಕು, ಅವನು ಅದನ್ನು ಮೀರಿರಬೇಕು, ಮತ್ತು ಕೋರ್ಟು ನಿಂತು ಮಾಡಿಸಬಲ್ಲಂಥ ಕೆಲಸವಾಗಿರಬೇಕು. ದಾರಿಗೆ ಅಡ್ಡ ಕಟ್ಟಿದ ಗೋಡೆ ತೆಗೆಸುವುದು, ಮುಚ್ಚಿದ ಕಾಲುವೆ ಬಿಡಿಸುವುದು ಇಂಥವು. "ನನ್ನ ಜೊತೆ ಸರಿಯಾಗಿ ವ್ಯಾಪಾರ ಮಾಡಲಿ" ಎಂಬಂಥ ಕೆಲಸಕ್ಕೆ ಯಾವ ಅಮೀನರನ್ನು ಕಾವಲಿಡುವುದು?

ದಾವೆ ಮುಗಿಯುವ ಮೊದಲೇ, ಮಧ್ಯಂತರದಲ್ಲೇ ಕೆಡವಿಸಬೇಕು ಎಂದಾದರೆ ಇನ್ನೂ ಬಿಗಿ. ಮುಂಬಯಿಯ ಒಂದು ಪಾರ್ಸಿ ಕುಟುಂಬದ ಮನೆಯಲ್ಲಿ ಪಾಲುದಾರರು ತಮ್ಮ ಅವಿಭಾಜ್ಯ ಅರ್ಧ ಭಾಗವನ್ನು ಹೊರಗಿನವರಿಗೆ ಮಾರಿ, ಕೊಂಡವರು ಮನೆಯೊಳಗೇ ಬಂದು ಕೂತಿದ್ದರು. 1990ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಹೊರಗಿಡುವ ಮಧ್ಯಂತರ ಆದೇಶವನ್ನು ಎತ್ತಿಹಿಡಿಯಿತು, ಆದರೆ ಅಳತೆಗೋಲನ್ನೂ ಹೇಳಿತು: ಸಾಮಾನ್ಯ ತಡೆಯಾಜ್ಞೆಗಿಂತ ಬಲವಾದ ಪ್ರಕರಣ ಬೇಕು, ಮತ್ತು ಜಗಳ ಶುರುವಾಗುವ ಮೊದಲು ನಿರ್ವಿವಾದವಾಗಿ ಇದ್ದ ಸ್ಥಿತಿಗೆ ಮರಳಿಸುವುದಕ್ಕೆ ಮಾತ್ರ. ಹೊಸ ಸ್ಥಿತಿ ಕಟ್ಟಿಕೊಡುವುದಕ್ಕಲ್ಲ. ಆದ್ದರಿಂದ ದಾರಿ ಇತ್ತು ಎನ್ನುವವರು, ಅದು ಮುಚ್ಚುವ ಹಿಂದಿನ ದಿನ ಹೇಗಿತ್ತು ಎಂದು ತೋರಿಸಬೇಕು. ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆ ಇದೆಯೇ? ಆ ದಾರಿಯಲ್ಲಿ ಕಬ್ಬಿನ ಲೋಡು ಹೋದ ಫೋಟೊ? ಪಂಚಾಯಿತಿ ಮಣ್ಣು ಹಾಕಿಸಿದ ಬಿಲ್ಲು?

ಎರಡಡಿ ಒತ್ತುವರಿಗೆ ಮೂರು ಅಂತಸ್ತು ಕೆಡವಿಸುವ ಬದಲು ಕೋರ್ಟು ದುಡ್ಡು ಕೊಡಿಸಿ ಮುಗಿಸಬಹುದು. 40ನೇ ಕಲಂ ಅದಕ್ಕೇ ಇರುವುದು. ಆ ನಷ್ಟಪರಿಹಾರವನ್ನು ದಾವಾಪತ್ರದಲ್ಲಿ ಕೇಳಿರಬೇಕು, ಕೇಳದಿದ್ದರೆ ಕೊಡುವಂತಿಲ್ಲ. "ನನಗೆ ಅವನ ದುಡ್ಡು ಬೇಡ, ಗೋಡೆ ಬೀಳಬೇಕು" ಎಂದು ಹಟ ಹಿಡಿದು ಆ ಸಾಲು ತೆಗೆಸಬೇಡಿ. ದಾವೆ ವಜಾ ಆದರೆ ಆಮೇಲೆ ಆ ನಷ್ಟಕ್ಕೆಂದು ಬೇರೆ ದಾವೆಯೂ ಇಲ್ಲ.

ಅಳತೆಯ ತಕರಾರಿಗೆ ಕಮಿಷನರ್ ನೇಮಕಕ್ಕೆ ಅರ್ಜಿ ಹಾಕೋಣ. ಸ್ವಾಧೀನ ಯಾರದು ಎಂದು ಕಮಿಷನರ್ ಬಂದು ಹೇಳಲಿ ಎಂದು ಮಾತ್ರ ಕೇಳಬೇಡಿ. ಅದು ನೀವು ಸಾಕ್ಷಿ ಹೇಳಿ ರುಜುಪಡಿಸಬೇಕಾದ್ದು.

ಆದೇಶ ಸಿಕ್ಕ ಮೇಲೆ

ಎದುರು ಪಾರ್ಟಿಗೆ ನೋಟಿಸು ಕೊಟ್ಟು ಕೇಳಿದ ಮೇಲೆ ಆದೇಶ ಮಾಡುವುದು ನಿಯಮ, ಕೇಳದೆ ಮಾಡುವುದು ಅಪವಾದ. ತಡವಾದರೆ ಉದ್ದೇಶವೇ ಹಾಳಾಗುತ್ತದೆ ಎಂದು ಕೋರ್ಟಿಗೆ ಮನದಟ್ಟಾಗಬೇಕು, ಕಾರಣ ಬರೆದಿಡಬೇಕು. ದೆಹಲಿಯ ಅನಧಿಕೃತ ಕಟ್ಟಡಗಳ ಪ್ರಕರಣದಲ್ಲಿ 1993ರಲ್ಲಿ, ಮಾರ್ಗನ್ ಸ್ಟ್ಯಾನ್ಲಿ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದೆ. ಏಕಪಕ್ಷೀಯ ಆದೇಶ ಸಿಕ್ಕಿತೆಂದರೆ ನಿಮ್ಮ ಕೆಲಸ ಶುರು. ಅರ್ಜಿ, ಪ್ರಮಾಣಪತ್ರ, ದಾವಾಪತ್ರ, ದಾಖಲೆಗಳ ಪ್ರತಿಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ ಅಥವಾ ಕೈಗೆ ಮುಟ್ಟಿಸಿ, ಆದೇಶವಾದ ದಿನ ಅಥವಾ ಮರುದಿನ ಹಾಗೆ ಮಾಡಿದ್ದೇವೆಂದು ಪ್ರಮಾಣಪತ್ರ ಹಾಕಬೇಕು. ಮದುವೆ ಇದೆ, ಜಾತ್ರೆ ಇದೆ ಎಂದು ಸಹಿ ಹಾಕಲು ಮೂರು ದಿನ ಬಿಟ್ಟು ಬಂದವರ ಆದೇಶ ಬಿದ್ದುಹೋದರೆ ನನ್ನನ್ನು ಕೇಳಬೇಡಿ. 30 ದಿನದೊಳಗೆ ಅರ್ಜಿ ತೀರ್ಮಾನಿಸಲು ಕೋರ್ಟು ಪ್ರಯತ್ನಿಸಬೇಕು. ತೀರ್ಮಾನವಾಗದಿದ್ದರೆ ಎದುರಿನವರು ನೇರ ಮೇಲ್ಮನವಿಗೆ ಹೋಗಬಹುದು ಎಂದು 2000ದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಸ್ಟೇ ಸಿಕ್ಕಿತು ಎಂದು ವಾಯಿದೆಯ ಮೇಲೆ ವಾಯಿದೆ ಕೇಳುವ ಹಳೆಯ ಚಾಳಿ ಬಿಡಿ.

"ಯಥಾಸ್ಥಿತಿ ಕಾಪಾಡಿ" ಎಂಬ ಆದೇಶ ಬಂದರೆ ಹಿಗ್ಗಬೇಡಿ. ಯಾವ ಸ್ಥಿತಿ ಎಂದು ಅದರಲ್ಲಿ ಬರೆದಿಲ್ಲದಿದ್ದರೆ ಸಂಜೆಯೊಳಗೆ ಎರಡೂ ಪಾರ್ಟಿಗಳು ನೇಗಿಲು ಹೂಡಿರುತ್ತವೆ. ಆ ದಿನದ ಸ್ಥಿತಿಯ ಫೋಟೊ, ಬೆಳೆ ಯಾವುದು, ಯಾರು ಬಿತ್ತಿದ್ದು ಎಂಬುದನ್ನು ಮೊದಲೇ ಪ್ರಮಾಣಪತ್ರದಲ್ಲಿ ಬರೆಸಿ.

ತಡೆಯಾಜ್ಞೆಯ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡು ಎದುರಿನವರ ಬೇಲಿ ಕೀಳಲು ಹೋಗಬೇಡಿ. ಅವರಿಗೆ ತೊಂದರೆ ಕೊಡಬೇಡ ಎಂದಿದೆಯೇ ಹೊರತು ನಿಮಗೆ ನುಗ್ಗು ಎಂದಿಲ್ಲ. ಅವರು ಮೀರಿದರೆ ಹೊಡೆದಾಟ ಬೇಡ: ಫೋಟೊ ತೆಗೆಯಿರಿ, ಅದೇ ಕೋರ್ಟಿಗೆ 39ನೇ ಆದೇಶದ 2ಎ ನಿಯಮದ ಅರ್ಜಿ ಹಾಕೋಣ. ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲೂ ಆಗಬಹುದು. ಪೊಲೀಸ್ ನೆರವು ಬೇಕಾದರೆ ಅದನ್ನೂ ಕೋರ್ಟಿನಲ್ಲೇ ಕೇಳಬೇಕು. ಸಿವಿಲ್ ಆದೇಶದ ಜೆರಾಕ್ಸ್ ತೋರಿಸಿದರೆ ಠಾಣೆಯವರು "ಇದು ಸಿವಿಲ್ ಮ್ಯಾಟರ್" ಎಂದು ವಾಪಸು ಕಳಿಸುತ್ತಾರೆ, ತಪ್ಪೂ ಅಲ್ಲ.

ತಡೆಯಾಜ್ಞೆ ನಿಮ್ಮ ಮೇಲೆಯೇ ಬಂದಿದ್ದರೆ, ಅದು ಎಷ್ಟೇ ತಪ್ಪಾದ ಆದೇಶವಾಗಿದ್ದರೂ ಮೊದಲು ಕೆಲಸ ನಿಲ್ಲಿಸಿ. ಮೇಸ್ತ್ರಿಗೂ ಹೇಳಿ. ಆಮೇಲೆ ತೆರವಿಗೆ ಅರ್ಜಿ, ಅಥವಾ ಮೇಲ್ಮನವಿ. ಆದೇಶ ಮಾಡಿದ ಕೋರ್ಟಿಗೆ ಆ ದಾವೆಯ ಅಧಿಕಾರವೇ ಇರಲಿಲ್ಲ ಎಂದು ಮುಂದೆ ತೀರ್ಮಾನವಾದರೂ, ಅಲ್ಲಿಯವರೆಗೆ ಮೀರಿದ್ದಕ್ಕೆ ಶಿಕ್ಷೆ ತಪ್ಪುವುದಿಲ್ಲ ಎಂದು 1997ರ ಸುಪ್ರೀಂ ಕೋರ್ಟ್ ತೀರ್ಪಿದೆ. ಯಾರೋ ದಾವೆ ಹಾಕುತ್ತಾರೆಂಬ ಸುಳಿವು ಮೊದಲೇ ಸಿಕ್ಕಿದ್ದರೆ ಕೇವಿಯಟ್ ಹಾಕಿಸಿ. 90 ದಿನ ಅದರ ಆಯಸ್ಸು, ಮುಗಿಯುವ ಮುಂಚೆ ಮತ್ತೆ ಹಾಕಬೇಕು. ಕೇವಿಯಟ್ ದಾವೆಯನ್ನು ತಡೆಯುವುದಿಲ್ಲ, ನಿಮ್ಮ ಬೆನ್ನ ಹಿಂದೆ ಆದೇಶವಾಗುವುದನ್ನು ತಡೆಯುತ್ತದೆ.

ಡಿಕ್ರಿ ಸಿಕ್ಕವರಿಗೆ ಇನ್ನೊಂದು ಲೆಕ್ಕ. ಮಾಡಬೇಡ ಎಂಬ ಶಾಶ್ವತ ನಿರ್ಬಂಧಕಾಜ್ಞೆಯನ್ನು ಜಾರಿ ಮಾಡಿಸಲು ಕಾಲಮಿತಿ ಇಲ್ಲ. ಇಪ್ಪತ್ತು ವರ್ಷದ ಮೇಲೆ ಮೀರಿದರೂ ಅಮಲ್ಜಾರಿ ಅರ್ಜಿ ಹಾಕಬಹುದು. ಗೋಡೆ ಕೆಡವು, ದಾರಿ ಬಿಡು ಎಂಬ ಡಿಕ್ರಿಗೆ ಮೂರೇ ವರ್ಷ, ಡಿಕ್ರಿಯ ದಿನದಿಂದ, ಅಥವಾ ಅದರಲ್ಲಿ ಗಡುವು ಕೊಟ್ಟಿದ್ದರೆ ಆ ಗಡುವಿನ ದಿನದಿಂದ. ಗೆದ್ದ ಡಿಕ್ರಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ ನಾಲ್ಕನೇ ವರ್ಷ ಬರುವವರು, ದಯವಿಟ್ಟು ಮೊದಲನೇ ವರ್ಷವೇ ಪ್ರಮಾಣೀಕೃತ ಪ್ರತಿ ತೆಗೆದುಕೊಂಡು ಬನ್ನಿ.